ಬಾಗಿಲಕ್ಕ ಕೇಳಿದ ಕೊನೆಯ ಕಾಲು ಗಂಟೆ

ವಿಶ್ವವಿದ್ಯಾಲಯದ ದೊಡ್ಡ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ಬಾಗಿಲಕ್ಕನ ಬಗ್ಗೆ ಒಂದು ಸುದ್ದಿ ಬಹಳ ವರ್ಷಗಳಿಂದ ಓಡಾಡಿಕೊಂಡಿತ್ತು. ಇಪ್ಪತ್ತೇಳು ವರ್ಷಗಳಿಂದ ಅಲ್ಲಿ ನಡೆದ ಒಂದೊಂದು ಉಪನ್ಯಾಸವನ್ನೂ ಆಕೆ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಾಳಂತೆ. ಆಕೆಯ ತಲೆಯೊಳಗಿನ ವಿದ್ಯೆಯನ್ನು ಮೂರು ವಿಭಾಗಗಳ ಮುಖ್ಯಸ್ಥರು ಒಟ್ಟಾಗಿ ಕೂತರೂ ತೂಗಲಾರರಂತೆ. ಪ್ರಬಂಧ ಒಂದಿಂಚೂ ಮುಂದೆ ಸಾಗದೆ ಆರು ತಿಂಗಳು ತಲೆ ಚಚ್ಚಿಕೊಳ್ಳುತ್ತಿದ್ದ ಸಂಶೋಧಕನೊಬ್ಬನಿಗೆ ಸಭಾಂಗಣದ ಮೆಟ್ಟಿಲ ಮೇಲೆ ನಿಂತ ನಿಲುವಿನಲ್ಲೇ ದಾರಿ ತೋರಿಸಿದಳಂತೆ. ಚಹಾ ಆರುವುದರೊಳಗೆ ಹೇಳುವವರು ಇನ್ನೊಂದು 'ಅಂತೆ'ಯನ್ನು ಸೇರಿಸಿರುತ್ತಿದ್ದರು.

ನಿಜ ಸಂಗತಿ ಇದಕ್ಕೆ ತಿರುಗುಮುರುಗು. ಬಾಗಿಲಕ್ಕ ಸಾವಿರಾರು ಉಪನ್ಯಾಸಗಳನ್ನು ಕೇಳಿದ್ದು ಹೌದು. ಆದರೆ ಒಂದನ್ನೂ ಕೊನೆಯವರೆಗೆ ಕೇಳಿದವಳಲ್ಲ. ಆಕೆಯ ಕೆಲಸವೇ ಹಾಗಿತ್ತು. ಕ್ಯಾಂಪಸ್ಸಿನ ಸಭಾಂಗಣಗಳ ಬಾಗಿಲು ತೆರೆಯುವುದು, ಕುರ್ಚಿ ಸಾಲು ನೋಡುವುದು, ಮೇಜಿನ ಮೇಲೆ ನೀರಿಡುವುದು, ಮಾತು ಶುರುವಾಗಿ ಹತ್ತು ನಿಮಿಷ ಎಲ್ಲ ಸರಿಯಿದೆಯೇ ಎಂದು ಹಿಂದೆ ಕೂತು ಗಮನಿಸುವುದು, ಆಮೇಲೆ ಎದ್ದು ಮುಂದಿನ ಕೋಣೆಯ ಬಾಗಿಲಿಗೆ ಓಡುವುದು. ಮತ್ತೆ ಬರುವುದು ಬೀಗ ಹಾಕುವುದಕ್ಕೆ. ಹೀಗಾಗಿ ಜಗತ್ತಿನ ಸಕಲ ವಿಷಯಗಳ ಆರಂಭ ಮಾತ್ರ ಆಕೆಗೆ ಕರತಲಾಮಲಕ. ನಕ್ಷತ್ರ ಹುಟ್ಟುವ ಬಗೆ ಗೊತ್ತು, ಸಾಯುವ ಬಗೆ ಗೊತ್ತಿಲ್ಲ. ರೋಗ ಮೈಯೊಳಗೆ ನುಸುಳುವ ದಾರಿ ಗೊತ್ತು, ವಾಸಿಯಾಗುವ ದಾರಿ ಗೊತ್ತಿಲ್ಲ. ಚರ್ಚಾಕೂಟಗಳಲ್ಲಿ ಮೊದಲು ಮಾತಾಡುವವರನ್ನಷ್ಟೇ ಕೇಳಿರುತ್ತಿದ್ದುದರಿಂದ ಮಂಡನೆಯಾದ ಎಲ್ಲ ವಾದಗಳನ್ನೂ ಆಕೆ ಮನಸಾರೆ ಒಪ್ಪಿಕೊಂಡಿದ್ದಳು. ಆಕೆಯ ಲೆಕ್ಕದಲ್ಲಿ ಅಲ್ಲಿ ಆಡಿದ ನಾಟಕಗಳಲ್ಲಿ ಯಾವ ರಾಜನೂ ಸತ್ತಿರಲಿಲ್ಲ, ಯಾವ ಪ್ರೇಮಿಗಳಿಗೂ ಇನ್ನೂ ಪರಿಚಯವೇ ಆಗಿರಲಿಲ್ಲ.

ಸಂಶೋಧಕನ ಕಥೆಯೂ ಅಷ್ಟೇ. ಆತ ಕೇಳಿದ್ದು, "ಅಕ್ಕ, ಶುರು ಮಾಡೋದು ಹೇಗೆ ಅಂತಾನೇ ಗೊತ್ತಾಗ್ತಿಲ್ಲ" ಎಂದು. ಬಾಗಿಲಕ್ಕ ಹೇಳಿದ್ದು, "ಮೊದಲು ಒಂದು ಪ್ರಶ್ನೆ ಹಾಕಿ, ಆಮೇಲೆ ಒಂದು ಗುಟುಕು ನೀರು ಕುಡೀರಿ. ದೊಡ್ಡೋರೆಲ್ಲ ಹಾಗೇ ಮಾಡೋದು" ಎಂದು. ಅವನು ಹಾಗೆಯೇ ಮಾಡಿದ. ಪ್ರಬಂಧ ಮುಗಿಯಿತು. ಹೇಗೆ ಮುಗಿಸಬೇಕೆಂದು ಅವನು ಕೇಳಲಿಲ್ಲ ಎಂಬುದು ಇಬ್ಬರ ಪುಣ್ಯ.

ಬಾಗಿಲಕ್ಕನ ಬೀಗದ ಕೈಗಳ ಗೊಂಚಲಿನಲ್ಲಿ ಮೂವತ್ತೆರಡು ಕೈಗಳಿದ್ದವು, ಬಾಯಿ ತುಂಬ ಹಲ್ಲಿದ್ದಂತೆ. ಒಂದಕ್ಕೂ ಚೀಟಿಯಿಲ್ಲ, ಗುರುತಿಲ್ಲ. ಬೆರಳ ತುದಿಯಲ್ಲಿ ತಡವಿದರೆ ಸಾಕು, ಇದು ಗಾಯನಶಾಲೆಯದು, ಇದು ಕಾನೂನು ವಿಭಾಗದ ಚರ್ಚಾಕೋಣೆಯದು ಎಂದು ಕೈಗೇ ಗೊತ್ತಾಗುತ್ತಿತ್ತು. ಅದೂ ಸಾಲದು. ಬಾಗಿಲುಗಳಿಗೂ ಒಂದೊಂದು ಸ್ವಭಾವವಿತ್ತು. ಹಳೆಯ ಸಭಾಂಗಣದ ಬಾಗಿಲನ್ನು ಮೊದಲು ತನ್ನ ಕಡೆಗೆ ಎಳೆದುಕೊಂಡು ಆಮೇಲೆ ತಳ್ಳಬೇಕು. ಚರ್ಚಾಕೋಣೆಯದು ಬೀಗದ ಕೈಯನ್ನು ಅರ್ಧ ಹೊರಗೆಳೆದರೆ ಮಾತ್ರ ತಿರುಗುತ್ತದೆ. ಗಾಯನಶಾಲೆಯ ಬಾಗಿಲಿಗಂತೂ ಕೆಳಗಡೆ ಮೊಣಕಾಲಿನ ಒಂದು ಗುದ್ದು ಬೀಳದೆ ಅದು ಅಲ್ಲಾಡುತ್ತಿರಲಿಲ್ಲ. ಈ ವಿದ್ಯೆಯನ್ನು ಬಾಗಿಲಕ್ಕ ಯಾರಿಗೂ ಕಲಿಸಿರಲಿಲ್ಲ. ಕೇಳಿದವರಿಗೆ "ಬರೆದಿಟ್ಟರೆ ಬರೋ ವಿದ್ಯೆ ಅಲ್ಲ ಇದು" ಎನ್ನುತ್ತಿದ್ದಳು. ಒಳಗೊಳಗೆ ಇದ್ದ ಕಾರಣ ಬೇರೆ: ತಾನಿಲ್ಲದಿದ್ದರೆ ಈ ಬಾಗಿಲುಗಳು ತೆರೆಯುವುದಿಲ್ಲ ಎಂಬ ಮಾತು ಆಕೆಗೆ ರುಚಿಯಾಗಿತ್ತು.

ಆ ರುಚಿಗೆ ಕಲ್ಲು ಹಾಕಿದ್ದು ಒಂದು ಕಲ್ಲೇ.

ಎಂಟು ವರ್ಷಗಳ ಹಿಂದೆ ಗ್ರಂಥಾಲಯದ ಹೊಸ ಕಟ್ಟಡಕ್ಕೆ ಪಾಯ ತೋಡುವಾಗ ದೊಡ್ಡ ಕುಂಬಳಕಾಯಿ ಗಾತ್ರದ, ಕೆಂಪು ಮೈಯ ಕಲ್ಲೊಂದು ಸಿಕ್ಕಿತು. ಭೂವಿಜ್ಞಾನ ವಿಭಾಗದ ಹಿರಿಯ ಪ್ರಾಧ್ಯಾಪಕರು, ಕ್ಯಾಂಪಸ್ಸಿಗೆಲ್ಲ ಕಲ್ಲು ಮೇಷ್ಟ್ರು, ಅದನ್ನು ಮಗುವನ್ನೆತ್ತಿಕೊಂಡಂತೆ ಒಯ್ದು ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ, ಊರಿನವರಿಗೆಲ್ಲ ಕ್ಯಾಂಪಸ್ಸಿನ ಬಾಗಿಲು ತೆರೆದಿಡುವ 'ತೆರೆದ ಸಂಜೆ'ಯಂದು, ಆ ಕಲ್ಲನ್ನು ಮುಂದಿಟ್ಟುಕೊಂಡು ಅವರು ಒಂದು ಗಂಟೆ ಮಾತಾಡುತ್ತಿದ್ದರು. ಕಲ್ಲನ್ನು ಸಭಾಂಗಣಕ್ಕೆ ತರುವವಳು ಬಾಗಿಲಕ್ಕ. ಗ್ರಂಥಾಲಯದ ಪುಸ್ತಕ ಸಾಗಿಸುವ ತಳ್ಳುಗಾಡಿಯ ಮೇಲೆ ತಂದು, ಅಷ್ಟೇ ಎತ್ತರದ ಮೇಜಿಗೆ ಮೆಲ್ಲಗೆ ಜಾರಿಸಿ, ನೀಲಿ ಬಟ್ಟೆಯ ಮೇಲೆ ಕೂರಿಸುತ್ತಿದ್ದಳು. ಕಲ್ಲಿನ ಒಂದು ಮಗ್ಗುಲು ಹಲಗೆಯಂತೆ ಚಪ್ಪಟೆ. ಅದನ್ನು ಅಡಿಗೆ ಮಾಡಿದರೆ ಉರುಳದೆ ಭದ್ರವಾಗಿ ಕೂರುತ್ತದೆಂದು ಮೊದಲ ವರ್ಷವೇ ಕಂಡುಕೊಂಡಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಬಂದು ನೋಡಿದರೆ ಮಾತ್ರ ಪ್ರತಿ ವರ್ಷ ಕಲ್ಲು ಬುಡಮೇಲಾಗಿ ಬಿದ್ದಿರುತ್ತಿತ್ತು, ಎರಡೂ ಕಡೆ ಪುಸ್ತಕದ ಆಸರೆ ಬೇರೆ. "ಯಾರದಪ್ಪ ಈ ತರಲೆ? ಕಲ್ಲನ್ನೂ ನೆಟ್ಟಗೆ ಕೂರೋಕೆ ಬಿಡಲ್ವಲ್ಲ ಇವರು" ಎಂದು ಗೊಣಗುತ್ತ ಅದನ್ನು ಗಾಡಿಗೆ ಏರಿಸುತ್ತಿದ್ದಳು.

ಮೇಷ್ಟ್ರ ಮಾತಿನ ಮೊದಲ ಹನ್ನೆರಡು ನಿಮಿಷಗಳು ಆಕೆಗೆ ಬಾಯಿಪಾಠ. ಊರಿನ ಕಪ್ಪು ಬಂಡೆಗಳ ವರ್ಣನೆ ಮುಗಿಸಿ, ಕಲ್ಲಿನ ನೆತ್ತಿಯ ಮೇಲೆ ಅಂಗೈಯಿಟ್ಟು ಅವರು ಹೇಳುತ್ತಿದ್ದರು: "ಈ ಕಲ್ಲು ಇಲ್ಲಿಯದಲ್ಲ. ಇದರ ಒಡಹುಟ್ಟಿದವರನ್ನು ನೋಡಬೇಕಾದರೆ ಇನ್ನೂರು ಮೈಲಿ ಹೋಗಬೇಕು. ಹಾಗಾದರೆ ಇದನ್ನು ಇಲ್ಲಿಗೆ ತಂದವರು ಯಾರು?" ಆಮೇಲೆ ಒಂದು ಗುಟುಕು ನೀರು. ಆ ಗುಟುಕಿನ ಹೊತ್ತಿಗೆ ಸರಿಯಾಗಿ ಬಾಗಿಲಕ್ಕ ಎದ್ದು ಗಾಯನಶಾಲೆಗೆ ಓಡಬೇಕಿತ್ತು.

ಏಳು ವರ್ಷ ಹೀಗೇ ಆಯಿತು. ಉಪನ್ಯಾಸ ಕೇಳಿ ಹೊರಬಂದವರನ್ನು "ಯಾರು ತಂದರಂತೆ?" ಎಂದು ಕೇಳಿದರೆ, "ಅಯ್ಯೋ, ತುಂಬ ಚೆನ್ನಾಗಿತ್ತಕ್ಕ" ಎಂಬುದೇ ಉತ್ತರ. ಒಮ್ಮೆ ಮೇಷ್ಟ್ರನ್ನೇ ಕೇಳಿದಳು. ಅವರು ಕಣ್ಣು ಮಿಟುಕಿಸಿ, "ಬಂದು ಕೇಳಿ ಅಕ್ಕ. ಕಾರಿಡಾರಿನಲ್ಲಿ ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತೆ" ಎಂದುಬಿಟ್ಟರು. ಅವರಿಗೇನು, ಹೇಳಿ ಹೋದರು. ಆ ಪ್ರಶ್ನೆ ಬಾಗಿಲಕ್ಕನ ಜೊತೆ ಮನೆಗೆ ಬಂದು, ಊಟದ ಮೇಜಿನ ಬಳಿ ಕಾಯಂ ಜಾಗ ಹಿಡಿಯಿತು. ಕ್ಯಾಂಪಸ್ ಬಸ್ಸಿನ ಚಾಲಕನಾದ ಗಂಡ, "ಹೊಳೇನೇ ತಂದಿರೋದು ಕಣೇ, ಬೇರೆ ಯಾರು ತರ್ತಾರೆ" ಎಂದು ಪಟ್ಟು ಹಿಡಿದಿದ್ದ. ಎಂಬತ್ತರ ಹೊಸ್ತಿಲಲ್ಲಿದ್ದ ಅತ್ತೆಯ ಅಭಿಪ್ರಾಯ ಇನ್ನೂ ಸರಳ: "ಯಾರೋ ಹೊತ್ಕೊಂಡು ಬಂದು, ಭಾರ ಆಯ್ತು ಅಂತ ಬಿಸಾಕಿ ಹೋಗಿದಾರೆ. ಇದಕ್ಕೆ ಒಂದು ಗಂಟೆ ಮಾತಾಡ್ಬೇಕಾ?" ಸೋತವರು ಒಂದು ವಾರ ಪಾತ್ರೆ ತೊಳೆಯಬೇಕೆಂದು ಪಂದ್ಯವಾಗಿತ್ತು. ತೀರ್ಪು ಹೇಳಬೇಕಾದವಳು ಬಾಗಿಲಕ್ಕ, ತೀರ್ಪು ಅವಳಿಗೇ ಗೊತ್ತಿರಲಿಲ್ಲ.

ಈ ವರ್ಷದ ಕಾರ್ಯಕ್ರಮ ಪಟ್ಟಿ ಗೋಡೆಗೆ ಬಿದ್ದ ದಿನ ಅದರ ಮೊದಲ ಸಾಲನ್ನು ಬಾಗಿಲಕ್ಕ ಬೆರಳಿಟ್ಟು ಓದಿದಳು. 'ಕಲ್ಲಿನ ಪಯಣ: ವಿದಾಯ ಉಪನ್ಯಾಸ.' ಮುಂದಿನ ತಿಂಗಳು ಕಲ್ಲು ಮೇಷ್ಟ್ರು ನಿವೃತ್ತರಾಗಿ, ಮಗಳಿರುವ ಊರಿಗೆ ಹೊರಡುವವರಿದ್ದರು. ಇದೇ ಕೊನೆ. ಈಗ ಕೇಳದಿದ್ದರೆ ಇನ್ನು ಕೇಳುವುದಿಲ್ಲ.

ಪಟ್ಟಿಯನ್ನು ಇನ್ನೊಮ್ಮೆ ಓದಿದಳು. ನಾಲ್ಕೂವರೆಗೆ ಹಳೆಯ ಸಭಾಂಗಣದಲ್ಲಿ ಕಲ್ಲು. ಐದಕ್ಕೆ ಗಾಯನಶಾಲೆಯಲ್ಲಿ ಸಮೂಹಗಾನ. ಐದೂವರೆಗೆ ಚರ್ಚಾಕೂಟ. ಆರಕ್ಕೆ ಮತ್ತೆ ಹಳೆಯ ಸಭಾಂಗಣದಲ್ಲಿ ನಾಟಕ. ಆರೂವರೆಗೆ ಭೌತವಿಜ್ಞಾನ ವಿಭಾಗದ ಮಾಳಿಗೆಯ ಮೇಲೆ ದೂರದರ್ಶಕ. ಎಲ್ಲ ಬಾಗಿಲುಗಳನ್ನೂ ಮಧ್ಯಾಹ್ನವೇ ತೆರೆದಿಟ್ಟುಬಿಡೋಣವೆಂದರೆ ಅದಕ್ಕೂ ಹಿಂದಿನ ಅನುಭವ ಅಡ್ಡ ಬಂತು. ಮೂರು ವರ್ಷಗಳ ಹಿಂದೆ ಹಾಗೆ ಮಾಡಿದ್ದಾಗ ಹಾಡು ಕೇಳಲು ಬಂದವರು ಚರ್ಚಾಕೋಣೆಯಲ್ಲಿ ಕೂತು, ಅರ್ಧ ಗಂಟೆ ಹಾಡಿಗಾಗಿ ಕಾದು, ಕೊನೆಗೆ ತೆರಿಗೆ ನೀತಿಯ ಪರ ವಿರೋಧ ಕೇಳಿಕೊಂಡು ಹೋಗಿದ್ದರು. ಅಂದರೆ ಉಳಿದದ್ದು ಒಂದೇ ದಾರಿ. ಬೀಗದ ಕೈಗಳನ್ನು ಇನ್ನೊಬ್ಬರಿಗೆ ಕೊಡಬೇಕು.

ಆ ರಾತ್ರಿ ಊಟದ ನಂತರ ಗೊಂಚಲನ್ನು ಗಂಡನ ಮುಂದೆ ಇಟ್ಟಳು. ಇಪ್ಪತ್ತೇಳು ವರ್ಷಗಳಲ್ಲಿ ಅದು ಬೇರೆ ಕೈಗೆ ಹೋದದ್ದು ಅದೇ ಮೊದಲು.

"ಜನರನ್ನ ಕರ್ಕೊಂಡು ಬರೋ ನಿಮ್ಮ ಕೊನೇ ಟ್ರಿಪ್ಪು ನಾಲ್ಕೂಕಾಲಿಗೆ ಮುಗಿಯುತ್ತಲ್ಲ. ಮತ್ತೆ ಬಸ್ ತೆಗೆಯೋದು ಏಳೂವರೆಗೆ. ನಡುವೆ ಎರಡು ಬಾಗಿಲು ತೆಗೆದುಕೊಡಿ, ಸಾಕು."

ಗಂಡ ಗೊಂಚಲನ್ನು ಎತ್ತಿ ತೂಗಿ ನೋಡಿದ. "ಇದೇನೇ ಇದು, ನನ್ನ ಬಸ್ಸಿನ ಜ್ಯಾಕಿಗಿಂತ ಭಾರ ಇದೆ. ಯಾವುದು ಯಾವುದರದು?"

"ಕಣ್ಣು ಮುಚ್ಚಿ ಮುಟ್ಟಿ ನೋಡಿ. ಹಲ್ಲು ಸವೆದಿರೋದು ಗಾಯನಶಾಲೇದು."

"ಎಲ್ಲದರ ಹಲ್ಲೂ ಸವೆದಿದೆ, ನಮ್ಮಮ್ಮನ ಹಾಗೆ."

"ನನ್ನ ಹಲ್ಲಿನ ಸುದ್ದಿಗೆ ಬರಬೇಡ್ವೋ," ಎಂದಳು ಅತ್ತೆ ಮಂಚದಿಂದ. "ಇರೋ ನಾಲ್ಕರಲ್ಲೇ ನಿನ್ನನ್ನ ಅಗಿದು ಹಾಕ್ತೀನಿ."

ಮೂರು ಸಂಜೆ ಪಾಠ ನಡೆಯಿತು. ಗಂಡ ತನಗೆ ತಿಳಿಯುವ ಭಾಷೆಗೆ ಅದನ್ನು ಇಳಿಸಿಕೊಂಡ. ಅರ್ಧ ಹೊರಗೆಳೆದು ತಿರುಗಿಸುವ ಚರ್ಚಾಕೋಣೆಯ ಬೀಗಕ್ಕೆ 'ಅರ್ಧ ಕ್ಲಚ್ಚು' ಎಂದು ಹೆಸರಿಟ್ಟ. ಗಾಯನಶಾಲೆಯದಕ್ಕೆ 'ಬ್ರೇಕು' ಎಂದ, ಕಾಲಿನ ಕೆಲಸವಾದ್ದರಿಂದ. ಬಾಗಿಲಕ್ಕ ಅಡುಗೆಮನೆಯ ಬಾಗಿಲಿನ ಮೇಲೆ ಮೊಣಕಾಲಿನ ಗುದ್ದನ್ನು ಮಾಡಿ ತೋರಿಸಿದಳು. ಗಂಡ ಅದನ್ನೇ ಮಾಡಲು ಹೋಗಿ ಮೇಲಿನ ಅಟ್ಟದಿಂದ ಜರಡಿಯೊಂದನ್ನು ತಲೆಯ ಮೇಲೆ ಕೆಡವಿಕೊಂಡ. ಅತ್ತೆ ನಕ್ಕು ನಕ್ಕು ಕೆಮ್ಮಿದಳು. "ಒಂದು ಕಲ್ಲಿನ ಕಥೆ ಕೇಳೋಕೆ ಮನೆ ಬಾಗಿಲು ಮುರಿತಾ ಇದೀರಲ್ಲೋ!" ಕೊನೆಗೆ ಆ ಎರಡು ಬೀಗದ ಕೈಗಳಿಗೆ ಬಾಗಿಲಕ್ಕ ತಾನೇ ನೂಲು ಸುತ್ತಿದಳು, ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು. ಸುತ್ತುವಾಗ ಏನೋ ಕಳೆದುಕೊಂಡಂತೆ ಅನಿಸಿತು. ಗಂಟು ಹಾಕುವ ಹೊತ್ತಿಗೆ ಹಗುರಾದಂತೆಯೂ ಅನಿಸಿತು.

ತೆರೆದ ಸಂಜೆ ಬಂತು. ನಾಲ್ಕು ಗಂಟೆಗೆಲ್ಲ ಬಸ್ಸಿನಿಂದ ಊರವರು ಇಳಿಯತೊಡಗಿದ್ದರು: ಒಳ್ಳೆಯ ಬಟ್ಟೆ ತೊಟ್ಟ ಅಜ್ಜಿಯರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಶೌಚಾಲಯ ಎಲ್ಲಿದೆ ಎಂದು ಹುಡುಕುವವರು. ಬಾಗಿಲಕ್ಕ ಹಳೆಯ ಸಭಾಂಗಣದ ಬಾಗಿಲನ್ನು ಎಳೆದು, ತಳ್ಳಿ, ತೆರೆದಳು. ಕಲ್ಲನ್ನು ಒರೆಸಿ, ಚಪ್ಪಟೆ ಮಗ್ಗುಲನ್ನು ಅಡಿಗೆ ಮಾಡಿ ಕೂರಿಸಿದಳು. ಗೊಂಚಲನ್ನು ಗಂಡನ ಕೈಗಿತ್ತು, ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಧ್ವನಿವರ್ಧಕ ನೋಡಿಕೊಳ್ಳುವ ತಂತಿಯಣ್ಣ ತನ್ನ ಪೆಟ್ಟಿಗೆಯ ಹಿಂದಿನಿಂದ ಬಗ್ಗಿ ನೋಡಿ, "ಏನಕ್ಕಾ, ಹುಷಾರಿಲ್ವಾ?" ಎಂದ.

"ಹುಷಾರಾಗೇ ಇದೀನಿ. ಕೇಳೋಕೆ ಕೂತಿದೀನಿ."

"ಕೊನೇತನಕ?"

"ಕೊನೇತನಕ."

ತಂತಿಯಣ್ಣ ಇದನ್ನು ನಂಬಬೇಕೋ ಬೇಡವೋ ಎಂಬಂತೆ ಗುಂಡಿಯೊಂದನ್ನು ಸುಮ್ಮನೆ ತಿರುಗಿಸಿದ.

ಮೇಷ್ಟ್ರು ಬಂದರು, ಕಪ್ಪು ಬಂಡೆಗಳ ವರ್ಣನೆ ಆಯಿತು, ಅಂಗೈ ಕಲ್ಲಿನ ನೆತ್ತಿಗೆ ಹೋಯಿತು. "ಹಾಗಾದರೆ ಇದನ್ನು ಇಲ್ಲಿಗೆ ತಂದವರು ಯಾರು?" ಒಂದು ಗುಟುಕು ನೀರು. ಬಾಗಿಲಕ್ಕನ ಕಾಲುಗಳು ಅಭ್ಯಾಸಬಲದಿಂದ ನೆಟ್ಟಗಾದವು. ಆಕೆ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಅವನ್ನು ಮತ್ತೆ ಕೂರಿಸಿದಳು. ಮೇಷ್ಟ್ರು ಲೋಟ ಕೆಳಗಿಟ್ಟರು. ಆಕೆಯ ಜೀವಮಾನದಲ್ಲಿ ಮೊದಲ ಬಾರಿಗೆ ಹದಿಮೂರನೆಯ ನಿಮಿಷ ಶುರುವಾಯಿತು.

"ಹೊಳೆ ತಂದಿರಬಹುದು ಅಂತ ನೀವು ಹೇಳಬಹುದು," ಎಂದರು ಮೇಷ್ಟ್ರು. ಬಾಗಿಲಕ್ಕ ಮುಂದಕ್ಕೆ ಬಾಗಿದಳು. "ಆದರೆ ಹೊಳೆ..."

ಅಷ್ಟರಲ್ಲಿ ಹಿಂಬಾಗಿಲಿನ ಸಂದಿಯಲ್ಲಿ ಗಂಡನ ಮುಖ ಕಾಣಿಸಿಕೊಂಡಿತು. ಆ ಮುಖ ಬೆವರಿತ್ತು, ಹುಬ್ಬುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಬಾಗಿಲಕ್ಕ ನೋಡಿಯೂ ನೋಡದವಳಂತೆ ಎರಡು ನಿಮಿಷ ಕೂತಳು. ಹುಬ್ಬುಗಳು ನಿಲ್ಲಲಿಲ್ಲ. ಹಲ್ಲು ಕಚ್ಚಿಕೊಂಡು ಎದ್ದು ಹೊರಬಂದಳು.

"ಬ್ರೇಕು ಹಿಡೀತಾ ಇಲ್ಲ ಕಣೇ! ಗುದ್ದಿ ಗುದ್ದಿ ಮೊಣಕಾಲು ಊದಿಕೊಂಡಿದೆ. ಎಂಬತ್ತು ಜನ ಹೊರಗೆ ನಿಂತಿದಾರೆ. ಹಾಡೋರು ವರಾಂಡದಲ್ಲೇ ಶ್ರುತಿ ಹಿಡಿತಿದಾರೆ."

ಇಬ್ಬರೂ ಅಂಗಳ ದಾಟಿ ಓಡಿದರು. ಗಾಯನಶಾಲೆಯ ಮುಂದೆ ಜನ ದಾರಿ ಬಿಟ್ಟರು. ಬಾಗಿಲಕ್ಕ ಗಂಡನ ಕೈಯಿಂದ ಗೊಂಚಲು ಕಿತ್ತುಕೊಂಡು, ಕೆಂಪು ನೂಲಿನ ಬೀಗದ ಕೈ ತಿರುಗಿಸಿ, ಬಾಗಿಲಿನ ಎಡತುದಿಗೆ ಮೊಣಕಾಲಿನಿಂದ ಒಂದು ಸಣ್ಣ ಗುದ್ದು ಕೊಟ್ಟಳು. ಬಾಗಿಲು ಬೆಣ್ಣೆಯಂತೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು.

"ಎಡಗಡೆ ಅಂತ ಹೇಳೇ ಇರಲಿಲ್ಲ ನೀನು!"

"ಅಡುಗೆಮನೆ ಬಾಗಿಲಲ್ಲಿ ಎಡಗಡೆಗೇ ತಾನೇ ತೋರಿಸಿದ್ದು!"

"ಆಗ ನಾನು ಜರಡಿ ಕೆಳಗಿದ್ದೆ."

ವಾದ ಮಾಡಲು ಪುರಸೊತ್ತಿರಲಿಲ್ಲ. ಎಂಬತ್ತು ಜನರನ್ನು ಕೂರಿಸಿ, ಕಾಣೆಯಾಗಿದ್ದ ಎರಡು ಕುರ್ಚಿಗಳನ್ನು ಮೂಲೆಯಿಂದ ಎಳೆದುಕೊಟ್ಟು, ಚರ್ಚಾಕೋಣೆಯ ಹಸಿರು ನೂಲಿನ ಬೀಗದ ಕೈಯೊಂದನ್ನೇ ಗೊಂಚಲಿನಿಂದ ಬಿಡಿಸಿ ಗಂಡನ ಅಂಗೈಯಲ್ಲಿಟ್ಟು, ಅವಳು ಹಳೆಯ ಸಭಾಂಗಣದ ಕಡೆಗೆ ಕಾಲಿಗೆ ಚಕ್ರ ಕಟ್ಟಿದಂತೆ ಹೊರಟಳು. ಉಳಿದ ಮೂವತ್ತೊಂದು ಬೀಗದ ಕೈಗಳು ಅಭ್ಯಾಸದಂತೆ ಅವಳ ಕೈಯಲ್ಲೇ ಉಳಿದವು. ಅದೇ ಎಡವಟ್ಟಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಹಳೆಯ ಸಭಾಂಗಣದ ಗೋಡೆ ಗಡಿಯಾರ ಎಷ್ಟೋ ವರ್ಷಗಳಿಂದ ಎರಡು ಗಂಟೆ ಹತ್ತು ನಿಮಿಷಕ್ಕೆ ನಿಂತುಬಿಟ್ಟಿತ್ತು. ಅದರ ದುರಸ್ತಿಯ ಅರ್ಜಿ ಮೇಜಿನಿಂದ ಮೇಜಿಗೆ ವರ್ಗವಾಗುತ್ತಲೇ ಇತ್ತು. ಕಲ್ಲು ಮೇಷ್ಟ್ರು ಕೈಗಡಿಯಾರ ಕಟ್ಟುವವರಲ್ಲ. ಕೋಟಿ ವರ್ಷಗಳ ಲೆಕ್ಕ ಹಿಡಿಯುವವನಿಗೆ ನಿಮಿಷದ ಮುಳ್ಳು ಯಾಕೆಂಬುದು ಅವರ ಹೆಮ್ಮೆ. ಹಾಗಾದರೆ ಆ ವೇದಿಕೆಯಿಂದ ಮಾತಾಡುವವರು ಹೊತ್ತು ತಿಳಿಯುತ್ತಿದ್ದುದು ಹೇಗೆ? ಬಾಗಿಲಕ್ಕನನ್ನು ನೋಡಿ. ಬೀಗದ ಕೈಗಳ ಸದ್ದಿನೊಂದಿಗೆ ಆಕೆ ಹಿಂಬಾಗಿಲಲ್ಲಿ ಕಾಣಿಸಿಕೊಂಡಳೆಂದರೆ ಸಮಯ ಮುಗಿಯಿತು, ನಾಟಕದವರು ರಂಗಸಜ್ಜಿಕೆ ಹೊತ್ತು ಹೊರಗೆ ಕಾದಿದ್ದಾರೆ, ಸಭಾಂಗಣ ಖಾಲಿಯಾಗಬೇಕು ಎಂದರ್ಥ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಬಾಗಿಲಕ್ಕನೊಬ್ಬಳಿಗೆ ಗೊತ್ತಿರಲಿಲ್ಲ. ತಾನು ಬಂದಾಗಲೆಲ್ಲ ಭಾಷಣ ಅದೇ ಕ್ಷಣ ಮುಗಿಯುವುದನ್ನು ಕಂಡು ಆಕೆ ತನ್ನ ಸಮಯಪ್ರಜ್ಞೆಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಆಗಿನ್ನೂ ಐದು ಗಂಟೆ ಹತ್ತು ನಿಮಿಷ. ಬಾಗಿಲಕ್ಕ ಏದುಸಿರು ಬಿಡುತ್ತ ಒಳಗೆ ಕಾಲಿಟ್ಟಳು. ಬೀಗದ ಕೈಗಳು ಝಲ್ಲೆಂದವು. ವೇದಿಕೆಯ ಮೇಲೆ ಮೇಷ್ಟ್ರು ಎರಡೂ ತೋಳು ಚಾಚಿ, "ಹೊಳೆಯೂ ಅಲ್ಲ, ಮನುಷ್ಯನೂ ಅಲ್ಲ. ಹಾಗಾದರೆ ಯಾರು? ಇದಕ್ಕೆ ಸಾಕ್ಷಿ..." ಎನ್ನುತ್ತಿದ್ದವರು ತಲೆಯೆತ್ತಿ ಹಿಂಬಾಗಿಲು ನೋಡಿದರು. ತೋಳುಗಳು ಕೆಳಗಿಳಿದವು.

"ಓಹೋ, ಬಾಗಿಲಕ್ಕ ಬಂದರು. ಅಂದರೆ ನನ್ನ ಗಂಟೆ ಮುಗಿಯಿತು. ವಯಸ್ಸಾಯಿತು ನೋಡಿ, ಮಾತು ಎಲ್ಲೋ ಬೆಳೆದುಬಿಟ್ಟಿದೆ. ಉಳಿದದ್ದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ಇಷ್ಟು ವರ್ಷ ಕೇಳಿದ್ದೀರಿ, ನಿಮಗೆಲ್ಲ ನಮಸ್ಕಾರ."

ಸಭೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. ತಂತಿಯಣ್ಣ ಧ್ವನಿವರ್ಧಕ ಆರಿಸಿದ. ಮುಂದಿನ ಸಾಲಿನವರು ಚೀಲ ಹೆಗಲಿಗೇರಿಸಿದರು. ಬಾಗಿಲಕ್ಕ ಎದ್ದ ಜನರ ತಲೆಗಳ ನಡುವೆ ವೇದಿಕೆಯ ಕಡೆ ನೋಡಿದಳು. ಕಲ್ಲು ನೀಲಿ ಬಟ್ಟೆಯ ಮೇಲೆ ತಾನು ಕೂರಿಸಿದಂತೆಯೇ ಕೂತಿತ್ತು. ಈ ಸಲ ಅದನ್ನು ಯಾರೂ ಬುಡಮೇಲು ಮಾಡಿರಲಿಲ್ಲ. ಏಳು ವರ್ಷವೂ ಬುಡಮೇಲಾಗಿದ್ದ ಕಲ್ಲು ಈ ವರ್ಷ ಯಾಕೆ ನೆಟ್ಟಗಿದೆ ಎಂಬ ಪ್ರಶ್ನೆ ಮೂಡಿದ್ದೇ ತಡ, ಎಲ್ಲವೂ ಒಟ್ಟಿಗೆ ಹೊಳೆಯಿತು. ಅದು ತರಲೆಯವರ ಕೆಲಸವಾಗಿರಲಿಲ್ಲ. ಅದು ಉಪನ್ಯಾಸದ ಕೊನೆಯಾಗಿತ್ತು. ಆ ಕೊನೆಯನ್ನು ಈಗ ನಿಲ್ಲಿಸಿದವಳು ತಾನೇ.

ಸಭಾಂಗಣದೊಳಗೆ ಸಿಬ್ಬಂದಿ ಬಾಯಿ ತೆರೆಯಬಾರದು ಎಂಬುದು ಆಕೆ ತನಗೆ ತಾನೇ ಹಾಕಿಕೊಂಡ ನಿಯಮ. ಇಪ್ಪತ್ತೇಳು ವರ್ಷ ಅದನ್ನು ಮುರಿದಿರಲಿಲ್ಲ. ಮೇಷ್ಟ್ರು ಕಾಗದಗಳನ್ನು ಮಡಿಸುತ್ತಿದ್ದರು. ಅವು ಚೀಲದೊಳಗೆ ಹೋದರೆ ಮುಗಿಯಿತು.

"ಸರ್!"

ಗಾಯನಶಾಲೆಯವರೆಗೂ ಕೇಳಿಸುವಂಥ ಕೂಗು ಅದು. ಚಪ್ಪಾಳೆ ನಿಂತಿತು. ಎದ್ದವರೆಲ್ಲ ಹಿಂತಿರುಗಿ ನೋಡಿದರು.

"ಸರ್, ನಾನು ಬೀಗ ಹಾಕೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ. ಇನ್ನೂ ಇಪ್ಪತ್ತು ನಿಮಿಷ ಇದೆ ನಿಮಗೆ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇಪ್ಪತ್ತು ನಿಮಿಷ? ಮತ್ತೆ ನೀವು ಬಂದ್ರಲ್ಲ!"

"ಓಡಿ ಬಂದೆ ಸರ್. ಏಳು ವರ್ಷದಿಂದ ಯಾರು ತಂದರು ಯಾರು ತಂದರು ಅಂತ ಕೇಳಿಸ್ಕೊಂಡು ಎದ್ದು ಹೋಗ್ತಿದೀನಿ. ಮನೇಲಿ ಅತ್ತೆಗೆ ಮುಖ ತೋರಿಸೋ ಹಾಗಿಲ್ಲ."

ಸಭೆ ಹೋ ಎಂದು ನಕ್ಕಿತು. ಮೇಷ್ಟ್ರು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ಚೀಲಗಳು ಹೆಗಲಿನಿಂದ ಇಳಿದವು, ಕುರ್ಚಿಗಳು ಮತ್ತೆ ಕಿರುಗುಟ್ಟಿದವು. ತಂತಿಯಣ್ಣ ಪೆಟ್ಟಿಗೆಯ ಗುಂಡಿಗಳ ನಡುವೆ ತಡಕಾಡುತ್ತಿದ್ದ. ಮೇಷ್ಟ್ರು, "ಬಿಡಪ್ಪ, ಬರಿ ಗಂಟಲಲ್ಲೇ ಹೇಳ್ತೀನಿ" ಎಂದು ಕಲ್ಲಿನ ಬಳಿ ಬಂದರು. "ಇದನ್ನು ತಿರುಗಿಸಬೇಕು. ಪ್ರತಿ ವರ್ಷ ಇಬ್ಬರು ವಿದ್ಯಾರ್ಥಿಗಳನ್ನು ಕರೀತಿದ್ದೆ."

"ಬೇಡ ಸರ್, ಅವರು ಬಟ್ಟೆ ಮುದುರಿಸಿ ಹಾಳು ಮಾಡ್ತಾರೆ," ಎನ್ನುತ್ತ ಬಾಗಿಲಕ್ಕ ನಡುವಿನ ದಾರಿಯಲ್ಲಿ ಇಳಿದು ಬಂದಳು. ವೇದಿಕೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಬಾರಿ ಹತ್ತುವವಳು. ಜನ ನೋಡುತ್ತಿರುವಾಗ ಹತ್ತಿದ್ದು ಅದೇ ಮೊದಲು. ಗೊಂಚಲನ್ನು ಮೇಜಿನ ಮೇಲಿಟ್ಟು, ಕಲ್ಲಿನ ಪಕ್ಕೆಗೆ ಅಂಗೈಕೊಟ್ಟು, ತೊಟ್ಟಿಲಿನ ಮಗುವನ್ನು ಮಗ್ಗುಲು ಬದಲಿಸುವಂತೆ ಮೆಲ್ಲಗೆ ಹೊರಳಿಸಿದಳು. ಚಪ್ಪಟೆ ಮುಖ ಮೇಲೆ ಬಂತು. ಅದರ ತುಂಬ ಒಂದೇ ದಿಕ್ಕಿಗೆ ಎಳೆದ ಉದ್ದುದ್ದ ಗೀರುಗಳಿದ್ದವು.

"ಕೈಯಿಟ್ಟು ನೋಡಿ ಅಕ್ಕ," ಎಂದರು ಮೇಷ್ಟ್ರು.

"ಗೊತ್ತು ಸರ್. ಒರೆಸುವಾಗ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತೆ ಇಲ್ಲಿ."

"ಇದೇ ಸಾಕ್ಷಿ. ಹೊಳೆ ತಂದಿದ್ದರೆ ಸುತ್ತಲೂ ಉರುಟಾಗುತ್ತಿತ್ತು. ಹೀಗೆ ಒಂದೇ ಮಗ್ಗುಲು ಉಜ್ಜಿ, ಒಂದೇ ದಿಕ್ಕಿಗೆ ಗೀರಬೇಕಾದರೆ, ಯಾರೋ ಇದನ್ನು ಬಿಗಿಯಾಗಿ ಹಿಡಿದು ನೆಲದ ಮೇಲೆ ಎಳೆದುಕೊಂಡು ಬಂದಿರಬೇಕು. ಅಷ್ಟು ಬಿಗಿಯಾಗಿ ಹಿಡಿಯುವುದು ಮಂಜುಗಡ್ಡೆ ಮಾತ್ರ. ಕೋಟ್ಯಂತರ ವರ್ಷಗಳ ಹಿಂದೆ, ನಾವೀಗ ಬೆವರೊರೆಸಿಕೊಂಡು ಕೂತಿರುವ ಈ ಜಾಗದ ಮೇಲೆ ಬೆಟ್ಟದಷ್ಟು ದಪ್ಪ ಹಿಮ ಹಾಸಿತ್ತು. ಅದು ವರ್ಷಕ್ಕೆ ಕೆಲವು ಮಾರು ಜರುಗುತ್ತ, ಈ ಕಲ್ಲನ್ನು ಹೊಟ್ಟೆಯಡಿ ಹಿಡಿದುಕೊಂಡು ಇನ್ನೂರು ಮೈಲಿ ಬಂತು."

ಬಾಗಿಲಕ್ಕ ಗೀರುಗಳ ಮೇಲೆ ಬೆರಳೆಳೆದಳು. ಉತ್ತರವನ್ನು ಏಳು ವರ್ಷ ತಾನೇ ಒರೆಸಿ, ತಾನೇ ಅಡಿಗೆ ಹಾಕಿ, ಭದ್ರವಾಗಿ ಕೂರಿಸುತ್ತಿದ್ದಳು.

"ಮತ್ತೆ ಆ ಹಿಮ ಎಲ್ಲಿ ಹೋಯ್ತು ಸರ್?"

"ಕರಗಿ ಹೋಯ್ತು."

"ಕಲ್ಲನ್ನ ಇಲ್ಲೇ ಬಿಟ್ಟು?"

"ಇಲ್ಲೇ ಬಿಟ್ಟು."

"ತಂದವರೇ ವಾಪಸ್ ಒಯ್ದು ಇಡಬೇಕು ಅಂತ ನಮ್ಮಲ್ಲಿ ನಿಯಮ ಇದೆ ಸರ್. ಕುರ್ಚಿಗೂ ಅದೇ, ಕಲ್ಲಿಗೂ ಅದೇ."

ಈ ಮಾತಿಗೆ ಎದ್ದ ನಗುವಿನ ಅಲೆ ಇಳಿಯುವ ಹೊತ್ತಿಗೆ ಐದೂವರೆ ಆಗಿತ್ತು. ಸಭೆ ಎದ್ದು ನಿಂತು ಎರಡನೆಯ ಬಾರಿ ತಟ್ಟಿದ ಚಪ್ಪಾಳೆ ಮೊದಲಿನದಕ್ಕಿಂತ ಉದ್ದವಾಗಿತ್ತು. ಮೇಷ್ಟ್ರು ಬಾಗಿಲಕ್ಕನ ಕಡೆ ತಿರುಗಿ, "ನಿಮ್ಮನ್ನು ನೋಡಿ ನಿಲ್ಲಿಸುತ್ತಿದ್ದೆವು ಎಂದು ನಿಮಗೆ ಗೊತ್ತೇ ಇರಲಿಲ್ಲವೇ?" ಎಂದರು.

"ನೀವು ನಿಲ್ಲಿಸೋದು ನೋಡಿ ನಾನು ಸರಿಯಾದ ಟೈಮಿಗೆ ಬಂದೆ ಅಂದ್ಕೋತಿದ್ದೆ ಸರ್."

ಅಂಗಳದಾಚೆ ಗಂಡ ಚರ್ಚಾಕೋಣೆಯ ಮುಂದೆ ಎದೆಯುಬ್ಬಿಸಿ ನಿಂತಿದ್ದ. ಅರ್ಧ ಕ್ಲಚ್ಚು ಒಂದೇ ಏಟಿಗೆ ತಿರುಗಿತ್ತಂತೆ. ಬಾಗಿಲಕ್ಕ ಆ ಸಂಜೆ ಉಳಿದ ಎರಡು ಬಾಗಿಲುಗಳನ್ನು ಎಂದಿನಂತೆ ತೆರೆದಳು. ನಾಟಕದ ಮೊದಲ ದೃಶ್ಯ ನೋಡಿದಳು, ಮಾಳಿಗೆಯ ಮೇಲೆ ದೂರದರ್ಶಕಕ್ಕೆ ಮೊದಲು ಕಣ್ಣಿಟ್ಟು ಚಂದ್ರ ಸರಿಯಾಗಿ ಸಿಕ್ಕಿದ್ದಾನೆಂದು ಖಾತ್ರಿಪಡಿಸಿಕೊಂಡಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಪು ಹೇಳಿದಳು: "ಹೊಳೆ ಅಲ್ಲ. ಹಿಮ. ಹೊತ್ಕೊಂಡು ಬಂದು, ಇಲ್ಲಿ ಬಿಟ್ಟು ಹೋಗಿದೆ."

ಅತ್ತೆ ಮಂಚದ ಮೇಲೆ ಎದ್ದು ಕೂತಳು. "ನಾನೇನು ಹೇಳಿದ್ದೆ? ಯಾರೋ ಹೊತ್ಕೊಂಡು ಬಂದು ಬಿಸಾಕಿದಾರೆ ಅಂತ ಹೇಳಲಿಲ್ವಾ? ಒಂದು ನಿಮಿಷದಲ್ಲಿ ಹೇಳಿದ್ದೆ. ಏಳೋ, ಪಾತ್ರೆ ತೊಳಿ ಹೋಗು."

"ಅಮ್ಮ, ಮೊಣಕಾಲು ಊದಿದೆ."

"ಪಾತ್ರೆ ತೊಳಿಯೋದು ಕೈಯಲ್ಲಿ."

ಈಗ ಸ್ಥಿತಿ ಹೀಗಿದೆ. ಕಲ್ಲು ಮೇಷ್ಟ್ರು ಮಗಳ ಊರಿನಲ್ಲಿದ್ದಾರೆ. ಕಲ್ಲು ಗ್ರಂಥಾಲಯದ ಮೊಗಸಾಲೆಯಲ್ಲಿ, ಹಳೆಯ ಟೈರಿನ ಟ್ಯೂಬೊಂದರ ಮೇಲೆ, ಗೀರುಗಳು ಮೇಲ್ಮುಖವಾಗಿ ಕೂತಿದೆ. ಟ್ಯೂಬು ತಂದುಕೊಟ್ಟವನು ಬಸ್ಸಿನ ಚಾಲಕ. ಮೂವತ್ತೆರಡು ಬೀಗದ ಕೈಗಳಿಗೂ ಬಣ್ಣದ ನೂಲು ಬಿದ್ದಿದೆ, ಅವುಗಳ ಪಾಠವನ್ನು ತಂತಿಯಣ್ಣನೂ ಕಲಿತಿದ್ದಾನೆ. ವಾರಕ್ಕೊಂದು ಉಪನ್ಯಾಸವನ್ನು ಬಾಗಿಲಕ್ಕ ಕೊನೆಯವರೆಗೆ ಕೂತು ಕೇಳುತ್ತಾಳೆ. ಅದಕ್ಕೆ ಮುನ್ನ ಗೊಂಚಲನ್ನು ಹೊರಗೋಡೆಯ ಮೊಳೆಗೆ ತೂಗುಹಾಕಿ ಬರುತ್ತಾಳೆ, ಮಾತಾಡುವವರು ಹೆದರಿ ನಿಲ್ಲಿಸದಿರಲೆಂದು. ಇಲ್ಲಿಯವರೆಗೆ ಆಕೆ ಕೇಳಿ ಮುಗಿಸಿದ ಉಪನ್ಯಾಸಗಳು ಹದಿನಾಲ್ಕು; ಅವುಗಳಲ್ಲಿ ಐದಕ್ಕೆ ಕೊನೆಯೇ ಇರಲಿಲ್ಲ ಎಂಬುದು ಆಕೆಯ ಅಭಿಪ್ರಾಯ. ಗೋಡೆಯ ಗಡಿಯಾರದಲ್ಲಿ ಇನ್ನೂ ಎರಡು ಗಂಟೆ ಹತ್ತು ನಿಮಿಷ.